ಸೆಟ್ ಅಂದರೆ ಸೆಟ್

ಅಪ್ಪನ ಬಾಯಲ್ಲಿ ಉಳಿದದ್ದು ಒಂದೇ ಪದ. ಅದೂ ಇಂಗ್ಲಿಷಿನದು.

ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದ್ದವು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅಮ್ಮ ಮುಖದ ಹತ್ತಿರ ಬಗ್ಗಿ, "ನಾನು ಯಾರು ಗೊತ್ತಾಯ್ತಾ?" ಎಂದು ಕೇಳಿದಳು. ಅಪ್ಪ ಬಹಳ ಹೊತ್ತು ತುಟಿಗಳನ್ನು ಹೊಂದಿಸಿಕೊಂಡು, ಭಾರ ಎತ್ತುವವನಂತೆ ಹುಬ್ಬು ಗಂಟಿಕ್ಕಿ, "ಸೆಟ್" ಎಂದ. ಅಮ್ಮ ಅತ್ತುಬಿಟ್ಟಳು. ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. "ನೋಡಿದ್ರಾ ಅತ್ತಿಗೆ, ಇಲ್ಲಿಗೆ ಬಂದ್ರೂ ಅಣ್ಣ ಕೆಲಸ ಬಿಟ್ಟಿಲ್ಲ."

ಅಪ್ಪ ಕಟ್ಟುಹಲ್ಲು ತಯಾರಿಸುವವನು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಅಪ್ಪ ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ದವಡೆಯ ಪಡಿಯಚ್ಚು ಎತ್ತಿ, ಅದರ ಮೇಲೆ ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದ. ವೈದ್ಯರ ಜೊತೆ ಮಾತು, ಓಡಾಟ, ಬೈಸಿಕೊಳ್ಳುವುದು, ಇವೆಲ್ಲ ಚಿಕ್ಕಪ್ಪನ ಪಾಲು.

ಆ ಕೋಣೆಯಲ್ಲಿ ಸೆಟ್ ಎಂಬ ಪದ ಮಾಡದ ಕೆಲಸವಿರಲಿಲ್ಲ. ಕಲಸಿದ ಪ್ಲಾಸ್ಟರ್ ಗಟ್ಟಿಯಾದರೆ ಸೆಟ್. ಮೇಣದಲ್ಲಿ ಹಲ್ಲುಗಳನ್ನು ಒಂದೊಂದಾಗಿ ಓರೆ ನೋಡಿ ನಿಲ್ಲಿಸುವುದು ಸೆಟ್ ಮಾಡುವುದು. ಮೇಲಿನ ಸಾಲು, ಕೆಳಗಿನ ಸಾಲು ಸೇರಿದರೆ ಅದೇ ಒಂದು ಸೆಟ್. ಎರಡು ದವಡೆಗಳು ಕಚ್ಚುವ ಬಗೆಯನ್ನು ತೋರಿಸುವ ಹಿತ್ತಾಳೆ ಯಂತ್ರದ ತಿರುಪು ಬಿಗಿದರೆ ಸೆಟ್. ಹೊಸ ಹಲ್ಲು ಹಾಕಿಕೊಂಡವರು ಕೆಲವು ವಾರ "ಸೆಟ್ ಆಗ್ತಿಲ್ಲ" ಎಂದು ಗೊಣಗಿ, ಒಂದು ದಿನ ಗೊಣಗುವುದನ್ನು ಮರೆತರೆ ಅದೂ ಸೆಟ್. ಪದ ಅಲ್ಲಿಗೇ ನಿಲ್ಲದೆ ಪ್ಲಾಸ್ಟರಿನ ಧೂಳಿನಂತೆ ಅಪ್ಪನ ಚಪ್ಪಲಿಗೆ ಅಂಟಿಕೊಂಡು ಮೆಟ್ಟಿಲು ಹತ್ತಿ ಮನೆಯೊಳಗೂ ಬಂದಿತ್ತು. ಅಲಾರಂ ಸೆಟ್, ಮೊಸರು ಸೆಟ್. ನನ್ನ ಕೆಲಸ ಖಾಯಂ ಆದ ದಿನ "ಇನ್ನು ನೀನು ಸೆಟ್ಟಮ್ಮ" ಎಂದು ಬೆನ್ನು ತಟ್ಟಿದ್ದ. ಅಮ್ಮ ಮುನಿಸಿಕೊಂಡು ಪಾತ್ರೆ ಕುಕ್ಕಿದರೆ, "ಇವತ್ತು ಗಾಳಿ ಸೆಟ್ ಇಲ್ಲ" ಎಂದು ನನಗೆ ಕಣ್ಣು ಹೊಡೆದು ಕೆಳಗಿಳಿಯುತ್ತಿದ್ದ.

"ನಿಮ್ಮಪ್ಪ ಒಂದೇ ಮಾತಲ್ಲಿ ಸಂಸಾರ ಮಾಡಿ ಮುಗಿಸೋ ಗಿರಾಕಿ" ಎಂದು ಅಮ್ಮ ಹೇಳುತ್ತಿದ್ದಳು. ತಮಾಷೆಯ ಮಾತು. ಈಗ ಅದನ್ನು ನೆನೆಸಿಕೊಂಡಾಗಲೆಲ್ಲ ಅವಳು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾಳೆ.

ಇವೆಲ್ಲಕ್ಕಿಂತ ತೂಕದ ಬಳಕೆ ಇನ್ನೊಂದಿತ್ತು. ಕೆಲಸವೆಲ್ಲ ಮುಗಿದ ಮೇಲೆ ಅಪ್ಪ ಹಲ್ಲಿನ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, "ಸೆಟ್" ಎನ್ನುತ್ತಿದ್ದ. ಅದನ್ನು ಹೇಳುವ ತನಕ ಏನೂ ಬಾಗಿಲು ದಾಟುತ್ತಿರಲಿಲ್ಲ. ಎಷ್ಟೇ ದೊಡ್ಡ ವೈದ್ಯರು ಫೋನಿನಲ್ಲಿ ಕೂಗಾಡಿದರೂ ಚಿಕ್ಕಪ್ಪ, "ಅಣ್ಣ ಇನ್ನೂ ಸೆಟ್ ಅಂದಿಲ್ಲ ಸಾರ್" ಎನ್ನುವನು. ಅಂದ ಮೇಲೆ ಯಾರು ತಪ್ಪು ಹುಡುಕಿದರೂ ಕೇಳುತ್ತಿರಲಿಲ್ಲ. "ಅಣ್ಣ ಸೆಟ್ ಅಂದ್ರೆ ಸೆಟ್. ಮುಗೀತು." ಮನೆಯ ವಿಷಯಕ್ಕೂ ಅದೇ ಕಾನೂನು. ಚಿಕ್ಕಪ್ಪ ತನ್ನ ಜೀವನದ ಒಂದು ನಿರ್ಧಾರವನ್ನೂ ಆ ಪದವಿಲ್ಲದೆ ತೆಗೆದುಕೊಂಡವನಲ್ಲ. ನೋಡಿ ಬಂದ ಹೆಣ್ಣನ್ನು ಬಿಟ್ಟದ್ದೂ ಅಪ್ಪ ಅದನ್ನು ಹೇಳದೆ ಸುಮ್ಮನೆ ಕೂತಿದ್ದರಿಂದ.

ನಾನು ಬೇರೆ ಊರಿನಲ್ಲಿ ಕುಡಿಯುವ ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡುವವಳು. ದೀರ್ಘ ರಜೆ ಹಾಕಿ ಬಂದಿದ್ದೆ. ಅಪ್ಪನ ಮಂಚದ ಪಕ್ಕ ಕೂತು ಕೂತು, ಆ ಒಂದು ಪದದೊಳಗೆ ಹಲವು ಪದಗಳಿರುವುದು ನನಗೆ ಕೇಳಿಸತೊಡಗಿತು. ಕೊನೆಯಲ್ಲಿ ಸ್ವರ ಏರಿದರೆ ನೀರು. ಎರಡು ಸಲ ಬಿಡದೆ ಅಂದರೆ ಬೆನ್ನಿನ ದಿಂಬು ಜಾರಿದೆ. ಉಸಿರಿನ ಜೊತೆ ಉದ್ದಕ್ಕೆ ಬಂದರೆ ಅಮ್ಮ ಎಲ್ಲಿ. ಗಂಟಲಿನ ತಳದಿಂದ ಮೊಟಕಾಗಿ ಬಂದರೆ ಬೇಡ. ಅಮ್ಮನಿಗೆ ಇದು ಒಗ್ಗಲಿಲ್ಲ. ಅವಳು ಎಲ್ಲದಕ್ಕೂ ಹಾಲಿನ ಲೋಟ ತರುವಳು. "ಅಯ್ಯೋ, ಅದು ದಿಂಬು ಅಮ್ಮ" ಎಂದು ನಾನು ತಿದ್ದುವೆ. ನೋಡಲು ಬಂದವರಿಗೂ ನಾನೇ ದುಭಾಷಿ. ಒಳಗೊಳಗೇ ಹೆಮ್ಮೆಯೂ ಇತ್ತು. ಸಂಜೆ ಅಪ್ಪನ ಜೊತೆ ಮಾತಿಗೆ ಕೂರುತ್ತಿದ್ದೆ: ನನ್ನ ಪರೀಕ್ಷಾಲಯ, ಮೇಲಧಿಕಾರಿಯ ಪೆದ್ದುತನ, ಮದುವೆ ಬೇಡವೆಂದು ನಾನು ಅಂದದ್ದಕ್ಕೆ ಅಪ್ಪನಿಗೆ ಹಿಂದೆ ಬೇಜಾರಾದದ್ದು. ಅಪ್ಪ "ಸೆಟ್" ಎನ್ನುವನು. ಬೇಜಾರು ಹೋಗಿದೆ ಎಂದು ನನಗೆ ಕೇಳಿಸುತ್ತಿತ್ತು.

ಹೀಗಿರುವಾಗ ಚಿಕ್ಕಪ್ಪ ಒಂದು ಮಧ್ಯಾಹ್ನ ಮೇಲೆ ಬಂದ. ಮಂಚದ ಅಂಚಿನಲ್ಲಿ ಕೂತು, ಅಪ್ಪನ ನಿಶ್ಚಲ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದ.

"ಅಣ್ಣ, ಡಾಕ್ಟ್ರುಗಳು ಈಗ ಬಾಯಿ ಅಚ್ಚೇ ತೆಗಿಯಲ್ಲ. ಕ್ಯಾಮೆರಾ ಹಾಕಿ ಫೋಟೋ ಹೊಡ್ದು ಕಂಪ್ಯೂಟರಿಗೆ ಕಳಿಸ್ತಾರೆ. ಹಲ್ಲು ಕೆತ್ತೋ ಮೆಷಿನ್ ಇಟ್ಕೊಳ್ಳಿ, ಇಲ್ದಿದ್ರೆ ಕೆಲಸ ಬೇರೆ ಕಡೆ ಅಂತಿದ್ದಾರೆ. ಮೆಷಿನ್ನಿಗೆ ಧೂಳು ಆಗಲ್ಲ. ಪ್ಲಾಸ್ಟರ್ ಮೇಜು ಕಿತ್ತು ಹಾಕ್ಬೇಕು. ಏನಂತೀಯ?"

ಅಪ್ಪ ಅವನ ಮುಖವನ್ನೇ ನೋಡಿದ. ತುಟಿ ಹೊಂದಿಸಿಕೊಂಡ. "ಸೆಟ್."

ಚಿಕ್ಕಪ್ಪನ ಹೆಗಲಿಂದ ಮೂಟೆ ಇಳಿಸಿದಂತಾಯಿತು. "ಅಷ್ಟು ಸಾಕು ಕಣಣ್ಣ. ವಾರದ ಕೊನೆಗೆ ಜನ ಕರೆಸಿ ಮೇಜು ತೆಗೆಸ್ತೀನಿ" ಎಂದು ಎದ್ದೇಬಿಟ್ಟ.

"ನಿಲ್ಲು ಚಿಕ್ಕಪ್ಪ" ಎಂದೆ. "ಅದು ಬೇಡ ಅನ್ನೋ ಸೆಟ್ಟು."

"ಏನು?"

"ಗಂಟಲಿಂದ ಬಂತಲ್ಲ, ಮೊಟಕಾಗಿ. ಬೇಡ ಅಂತ."

ಚಿಕ್ಕಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಓಹೋ! ನೀನು ಹುಟ್ಟೋಕೆ ಮುಂಚಿಂದ ಕೇಳ್ತಿದ್ದೀನಿ ಅವನ ಸೆಟ್ಟು. ನಂಗೆ ಕೇಳಿಸ್ದೆ ಇರೋದು ನಿನ್ನ ಕಿವಿಗೆ ಬಿತ್ತಾ?"

"ಆಗಿನ ಪದ ಬೇರೆ, ಈಗಿಂದು ಬೇರೆ."

"ಬಾಯಿ ಅದೇ ತಾನೆ?"

ಅಮ್ಮ ಅಡುಗೆಮನೆಯಿಂದ ಹಾಲಿನ ಲೋಟದೊಂದಿಗೆ ಬಂದಳು. "ಇಬ್ರೂ ಸುಮ್ನಿರಿ. ಅವರಿಗೆ ಹಸಿವಾಗಿದೆ."

ನಗು ಬರಬೇಕಿತ್ತು, ಬರಲಿಲ್ಲ. ಆ ಮೇಜು ಅಪ್ಪನದು. ಅವನ ಎಡ ಮೊಣಕೈ ಊರಿ ಊರಿ ಅಂಚಿನಲ್ಲಿ ಮರ ಬಟ್ಟಲಿನಂತೆ ತಗ್ಗಾಗಿದೆ. ಅದು ಹೋಗಬಾರದೆಂದು ನನ್ನ ಹಟವೇನೂ ಇರಲಿಲ್ಲ. ಹೋದರೆ ನನಗೇ ಸಲೀಸು. ಕೆಳಗಿನ ಕೋಣೆಯ ಕೆಲಸವೆಲ್ಲ ಚಿಕ್ಕಪ್ಪನ ಹೆಗಲಿಗೆ ಬಿದ್ದು ನಾನು ಕೆಲಸಕ್ಕೆ ಹಿಂದಿರುಗಬಹುದು. ಆದರೆ ಮೇಜು ಕೀಳುವ ಮಾತನ್ನು ಅಪ್ಪನ ಬಾಯಲ್ಲೇ ಆಡಿಸಿ, ಅಪ್ಪನ ಮುಂದೆಯೇ ಅದನ್ನು ಹೊತ್ತೊಯ್ಯುವುದು! ಅವನು ಒಳಗಿನಿಂದ ಬೇಡ ಬೇಡ ಎನ್ನುತ್ತಿದ್ದರೆ? ಮಾತು ಹೋದವನಿಗೆ ಅದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚಲಿಲ್ಲ.

ಮಾತು ಕಲಿಸಲು ಒಬ್ಬ ತರುಣಿ ಬರುತ್ತಿದ್ದಳು. ಅಮ್ಮ ಅವಳನ್ನು 'ಮಾತಿನ ಟೀಚರ್' ಎನ್ನುತ್ತಿದ್ದಳು. ಚಿತ್ರದ ಚೀಟಿಗಳು, ಒಂದು ಕೈಗನ್ನಡಿ, ಮುಗಿಯದ ತಾಳ್ಮೆ. ಮರುದಿನ ಅವಳು ಬಂದಾಗ ಚಿಕ್ಕಪ್ಪನನ್ನೂ ಮೇಲೆ ಕರೆಸಿ ಜಗಳವನ್ನು ಅವಳ ಮುಂದಿಟ್ಟೆವು.

"ಇಂಥವರಲ್ಲಿ ಕೆಲವರಿಗೆ ಒಂದೇ ಪದ ಉಳಿಯತ್ತೆ" ಎಂದಳು ಅವಳು. "ಅದು ಅವರು ಆರಿಸಿಕೊಂಡಿದ್ದಲ್ಲ. ಬಾಯಿ ತೆಗೆದ್ರೆ ಅದೇ ಬರತ್ತೆ. ತಲೆ ಆಡ್ಸೋದೂ ಅಷ್ಟೆ, ಹೌದಿಗೂ ಆಡತ್ತೆ, ಅಲ್ಲಕ್ಕೂ ಆಡತ್ತೆ. ಅದನ್ನ ನಂಬಿ ಯಾವ ತೀರ್ಮಾನಾನೂ ಮಾಡ್ಬೇಡಿ."

"ಆದ್ರೆ ಸ್ವರ ಬದಲಾಗತ್ತಲ್ಲ?" ಎಂದೆ.

"ಬದಲಾಗತ್ತೆ. ಅದ್ರಲ್ಲಿ ಅರ್ಥ ಇದ್ಯಾ ಅನ್ನೋದು ಬೇರೆ ಪ್ರಶ್ನೆ."

"ಪರೀಕ್ಷೆ ಮಾಡೋಣ" ಎಂದವಳು ನಾನೇ. ಕಣ್ಣಿಗೆ ಕಂಡದ್ದು ಕಿವಿಯನ್ನು ಮೋಸಗೊಳಿಸಬಾರದು. ಪರೀಕ್ಷಾಲಯದಲ್ಲಿ ಯಾವ ಬಾಟಲಿ ಯಾವ ಬಾವಿಯದೆಂದು ಗೊತ್ತಿಲ್ಲದೆ ಅಳೆಯುವುದು ನಮ್ಮ ಮೊದಲ ಪಾಠ. ಹಾಗಾಗಿ ನಾನು ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುವುದು. ಟೀಚರ್ ಅಪ್ಪನ ಕಿವಿಯಲ್ಲಿ ಮೆಲ್ಲಗೆ, ಉತ್ತರದಲ್ಲಿ ಯಾರಿಗೂ ಅನುಮಾನವಿಲ್ಲದ ಪ್ರಶ್ನೆಗಳನ್ನು ಕೇಳುವುದು: ನಿಮ್ಮ ತಲೆ ಮೇಲೆ ಟೋಪಿ ಇದೆಯಾ, ಇದು ಬಾಚಣಿಗೆಯಾ, ನೀವು ನಿಂತಿದ್ದೀರಾ. ಅಪ್ಪನ ಉತ್ತರವಷ್ಟೇ ನನಗೆ ಕೇಳಬೇಕು. ಅದು ಹೌದೋ ಅಲ್ಲವೋ ನಾನು ಕೂಗಿ ಹೇಳಬೇಕು.

"ನಂಗೆ ಗೊತ್ತಾಗತ್ತೆ ನೋಡ್ತಿರು" ಎಂದೆ ಚಿಕ್ಕಪ್ಪನಿಗೆ.

"ನೋಡ್ತೀನಮ್ಮ. ನಾನೂ ಜೀವಮಾನವೆಲ್ಲ ನೋಡಿದ್ದು ಅದನ್ನೇ."

ಗೋಡೆಯ ಸುಣ್ಣದಲ್ಲಿ ಒಂದು ಬಿರುಕಿತ್ತು. ಅದನ್ನೇ ನೋಡುತ್ತ ಕೂತೆ. ಸೆಟ್, ಎಂದು ಬಂತು. "ಹೌದು" ಎಂದೆ. ಸೆಟ್. "ಹೌದು." ಸೆಟ್, ಮೊಟಕಾಗಿ, ಗಂಟಲಿನಿಂದ. "ಅಲ್ಲ!" ಎಂದು ಖಾತ್ರಿಯಿಂದ ಕೂಗಿದೆ. ಸೆಟ್. ಸೆಟ್. ಹೋಗುತ್ತ ಹೋಗುತ್ತ ನನ್ನ ಧ್ವನಿ ಸಣ್ಣದಾಯಿತು. ಅಪ್ಪನ ಮುಖವಿಲ್ಲ, ಜಾರಿದ ದಿಂಬಿಲ್ಲ, ಖಾಲಿ ಲೋಟವಿಲ್ಲ; ಬರಿಯ ಸದ್ದು. ಅದು ಏರುತ್ತಿತ್ತು, ಇಳಿಯುತ್ತಿತ್ತು. ಯಾಕೆಂದು ನನಗೆ ಗೊತ್ತಾಗುತ್ತಿರಲಿಲ್ಲ.

ಹೊರಗೆ ಬಂದೆ. ಟೀಚರ್ ತನ್ನ ಚೀಟಿಗಳನ್ನು ಜೋಡಿಸುತ್ತಿದ್ದಳು. "ಅರ್ಧ ಸರಿ, ಅರ್ಧ ತಪ್ಪು" ಎಂದಳು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

"ಗೆದ್ದೆ ನಾನು!" ಎಂದ ಚಿಕ್ಕಪ್ಪ. ಎಂದವನೇ ಅಪ್ಪನ ಕಡೆ ನೋಡಿದ. ಚಿಕ್ಕಪ್ಪನ ಮುಖ ನಿಧಾನವಾಗಿ ಬಾಡಿಹೋಯಿತು. ಬಾಚಣಿಗೆಗೂ ಟೋಪಿಗೂ ಒಂದೇ ಉತ್ತರ ಕೊಟ್ಟವನು ತನಗೆ ಕೊಟ್ಟ ಉತ್ತರ ಯಾವುದು?

"ಹಂಗಾದ್ರೆ ಆವತ್ತು ಮೇಜಿನ ವಿಷ್ಯ ನಾನು ಕೇಳಿದ್ದು…"

"ಅದೂ ಉತ್ತರ ಅಲ್ಲ" ಎಂದಳು ಟೀಚರ್, ಮೃದುವಾಗಿ. "ಅವರಿಗೆ ಏನೂ ಅರ್ಥ ಆಗ್ತಿಲ್ಲ ಅಂತ ನಾನು ಹೇಳ್ತಿಲ್ಲ. ಬಹಳಷ್ಟು ಅರ್ಥ ಆಗ್ತಿರ್ಬಹುದು. ಆ ಪದದಲ್ಲಿ ಅದು ಹೊರಗೆ ಬರ್ತಿಲ್ಲ, ಅಷ್ಟೆ."

ಅಮ್ಮ ಅಪ್ಪನ ಮಂಚಕ್ಕೂ ನಮಗೂ ನಡುವೆ ಬಂದು ನಿಂತಳು. "ಸಾಕು ಮಾಡಿ. ನನ್ನ ಗಂಡನ್ನ ಮಲಗಿಸಿ ಮಾರ್ಕ್ಸ್ ಹಾಕ್ತಾ ಇದ್ದೀರಲ್ಲ, ನಾಚಿಕೆ ಆಗಲ್ವಾ? ಅದೂ ಅವರ ಎದುರಿಗೇ!"

ಆಕೆಯ ಬೆನ್ನ ಹಿಂದಿನಿಂದ ಅಪ್ಪ "ಸೆಟ್" ಎಂದ. ನಾಲ್ವರೂ ತಿರುಗಿದೆವು. ಅದನ್ನು ಅನುವಾದಿಸಲು ಯಾರಿಗೂ ಬಾಯಿ ಬರಲಿಲ್ಲ.

ಅವತ್ತು ಸಂಜೆ ನಾನು ಅಪ್ಪನ ಪಕ್ಕ ಕೂರಲಿಲ್ಲ. ಬಟ್ಟೆ ಮಡಚುವ ನೆಪ ಮಾಡಿಕೊಂಡು ಒಳಗೇ ಉಳಿದೆ. ಚಿಕ್ಕಪ್ಪನ ತಪ್ಪನ್ನು ತೋರಿಸಲು ಹೊರಟ ಪರೀಕ್ಷೆ ನಾನು ದುಭಾಷಿಯಾಗಿದ್ದ ತಿಂಗಳುಗಳನ್ನೂ ಗುಡಿಸಿಕೊಂಡು ಹೋಗಿತ್ತು. ನೀರು ಬೇಕೆಂದದ್ದು ಲೋಟ ಖಾಲಿಯಿದ್ದದ್ದನ್ನು ಕಂಡ ನಾನು. ಬೆನ್ನು ನೋವೆಂದದ್ದು ದಿಂಬು ಜಾರಿದ್ದನ್ನು ಕಂಡ ನಾನು. ಅಷ್ಟಾದರೆ ಚಿಂತೆಯಿಲ್ಲ, ಆ ನೀರನ್ನು ಅಪ್ಪ ಕುಡಿದಿದ್ದ. ಆದರೆ ಬೇಜಾರು ಹೋಗಿದೆ ಎಂದದ್ದು ಯಾರು? ಎಷ್ಟೊಂದು ಸಂಜೆ ನಾನು ಮಾತಾಡಿದ್ದು ಯಾರ ಜೊತೆ?

ಮಾರನೆಯ ಬೆಳಿಗ್ಗೆ ಅಮ್ಮನೇ ಹಟ ಹಿಡಿದಳು. "ಮೇಜು ತೆಗಿಯೋದಿದ್ರೆ ಅವರಿಗೆ ಒಂದ್ಸಲ ತೋರ್ಸಿ ತೆಗೀರಿ." ಚಿಕ್ಕಪ್ಪ, ನಾನು, ಪಕ್ಕದ ಮನೆಯ ಬಡಗಿ ಸೇರಿ ಅಪ್ಪನನ್ನು ಕುರ್ಚಿಸಮೇತ ಎತ್ತಿ ಮೆಟ್ಟಿಲಿಳಿಸಿದೆವು. ಕಾಯಿಲೆ ಬಿದ್ದ ಮೇಲೆ ಅವನು ಆ ಕೋಣೆಯನ್ನು ಕಂಡಿರಲಿಲ್ಲ. ಮೇಣದ ವಾಸನೆ ಹಾಗೇ ಇತ್ತು. ಕಿಟಕಿಯ ಗಾಜಿನ ಮೇಲೆ ಬಿಳಿ ಧೂಳಿನ ತೆಳು ಪರದೆ. ಕಪಾಟಿನಲ್ಲಿ ಬಾಯಿ ತೆರೆದು ನಿಂತ ಯಾರ ಯಾರದೋ ದವಡೆಗಳು. ಕುರ್ಚಿಯನ್ನು ಮೇಜಿಗೆ ಒತ್ತಿ ನಿಲ್ಲಿಸಿದ್ದೇ ಅಪ್ಪನ ಎಡ ಮೊಣಕೈ ತಾನಾಗಿ ಮರದ ತಗ್ಗಿನಲ್ಲಿ ಹೋಗಿ ಕೂತಿತು.

ಅಚ್ಚು ಕಳಿಸುವ ಹಳೆಯ ಕಾಲದ ವೈದ್ಯರೊಬ್ಬರು ಇನ್ನೂ ಇದ್ದರು. ಅವರ ರೋಗಿ ಅಜ್ಜಿಯೊಬ್ಬರ ಕೆಳದವಡೆಯ ಕೆಲಸ ಬಾಕಿಯಿತ್ತು. ಚಿಕ್ಕಪ್ಪ ಅದಕ್ಕೆ ಆಗಲೇ ಪ್ಲಾಸ್ಟರ್ ಸುರಿದಿಟ್ಟಿದ್ದ. ಮೇಜು ಕೀಳುವವರು ಬರುವ ಮೊದಲು ಅದನ್ನಾದರೂ ಮುಗಿಸುವ ಆತುರ.

"ಕೊನೇದು ಕಣಣ್ಣ ಇದು" ಎಂದು ಅಚ್ಚನ್ನು ಎಳೆದುಕೊಂಡು ಉಗುರಿನಿಂದ ಗೀರಿ ನೋಡಿದ. ಗೀರು ಬೀಳಲಿಲ್ಲ. "ಗಟ್ಟಿಯಾಯ್ತು. ತೆಗಿಯೋಣ."

ಅಪ್ಪನ ಎಡಗೈ ಮೇಜಿನ ಮೇಲೆ ಜಾರಿ ಬಂದು ಅಚ್ಚಿನ ಮೇಲೆ ಕೂತಿತು. ಅಂಗೈ ಅಲ್ಲ, ಬೆರಳುಗಳ ಹಿಂಬದಿ. ನಾನು ಚಿಕ್ಕವಳಿದ್ದಾಗ ಜ್ವರ ನೋಡುತ್ತಿದ್ದದ್ದೂ ಹಾಗೆಯೇ.

"ಸೆಟ್" ಎಂದ ಅಪ್ಪ.

"ಹ್ಞೂಂ, ಸೆಟ್ಟಾಗಿದೆ. ಕೈ ತೆಗಿ" ಎಂದು ಚಿಕ್ಕಪ್ಪ ಅಚ್ಚನ್ನು ಎಳೆದ. ಅಪ್ಪ ಬಿಡಲಿಲ್ಲ. ಕೈ ಮಗುಚಿ ಅಂಗೈಯಿಂದ ಒತ್ತಿ ಹಿಡಿದ. ಕುತ್ತಿಗೆಯ ನರ ಉಬ್ಬಿತು. "ಸೆಟ್. ಸೆಟ್."

"ಬಿಡಣ್ಣ!"

ನಾನು ನಡುವೆ ಬೆರಳು ತೂರಿಸಿ ಮುಟ್ಟಿದೆ. ಪ್ಲಾಸ್ಟರ್ ಇನ್ನೂ ಬೆಚ್ಚಗಿತ್ತು. ಗಟ್ಟಿಯಾಗುವಾಗ ಪ್ಲಾಸ್ಟರ್ ಶಾಖ ಬಿಡುತ್ತದೆ. ಮೇಲ್ಮೈ ಕಲ್ಲಾದಂತೆ ಕಂಡರೂ ಒಳಗಿನ ಕೆಲಸ ಇನ್ನೂ ನಡೆಯುತ್ತಿರುತ್ತದೆ. ಬಿಸಿ ಆರುವ ಮುಂಚೆ ಕಿತ್ತರೆ ದವಡೆಯ ಅಂಚು ಮುರಿದು ಬರುತ್ತದೆ. ಚಿಕ್ಕಪ್ಪ ಎಷ್ಟೋ ಅಂಚುಗಳನ್ನು ಹಾಗೆ ಮುರಿದು ಬೈಸಿಕೊಂಡದ್ದು ಮನೆಮಾತು.

"ಬಿಸಿಯಿದೆ ಚಿಕ್ಕಪ್ಪ" ಎಂದೆ.

ಚಿಕ್ಕಪ್ಪ ಕೈ ಬಿಟ್ಟ. ಸ್ಟೂಲು ಎಳೆದು ಕೂತ. ನಾವು ಕಾದೆವು. ಅಪ್ಪ ಮತ್ತೆ ಬೆರಳುಗಳ ಹಿಂಬದಿಯನ್ನು ಅಚ್ಚಿಗೆ ತಾಗಿಸಿಕೊಂಡು, ಕಿಟಕಿಯ ಕಡೆ ನೋಡುತ್ತ, ನಡುನಡುವೆ ಆ ಪದವನ್ನು ಅನ್ನುತ್ತಲೇ ಇದ್ದ. ಸೆಟ್, ಎನ್ನುವನು, ಕೈ ತೆಗೆಯನು. ಅವನ ಬಾಯಿ ಒಂದು ಹಾದಿ ಹಿಡಿದಿತ್ತು, ಕೈ ಇನ್ನೊಂದು. ಕೊನೆಗೆ, ಬಾಯಿ ಸುಮ್ಮನಿದ್ದ ಒಂದು ಗಳಿಗೆಯಲ್ಲಿ, ಅಪ್ಪ ಕೈ ಎತ್ತಿ ಮಡಿಲಿಗೆ ಇಟ್ಟುಕೊಂಡ. ಮುಟ್ಟಿದೆ. ಆರಿತ್ತು.

ಚಿಕ್ಕಪ್ಪ ಅಚ್ಚು ಬಿಡಿಸಿದ. ಅಜ್ಜಿಯ ಕೆಳದವಡೆ ಒಂದು ಚೂರೂ ಮುಕ್ಕಾಗದೆ ಹೊರಬಂತು. ಅವನು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದ.

"ಕೈಯಲ್ಲಿ ಹೇಳಿದ ಕಣೇ" ಎಂದ. "ಬಿಡ್ಲಿಲ್ಲ ನೋಡು. ಮೇಜು ಬೇಡ, ತೆಗೀಬೇಡ ಅಂತ ಹೇಳ್ದ."

ನನಗೂ ಹಾಗೆಯೇ ಅನ್ನಿಸಿತ್ತು. ಹಾಗೆ ಅನ್ನುವುದು ಎಷ್ಟು ಸುಲಭವಾಗಿತ್ತು! ಅಪ್ಪನ ಕೈಗೆ ಒಂದು ಮಾತು ತೊಡಿಸಿಬಿಟ್ಟರೆ ನಾನು ಮತ್ತೆ ಅವನ ದುಭಾಷಿ.

"ಇಲ್ಲ ಚಿಕ್ಕಪ್ಪ" ಎಂದೆ. "ಪ್ಲಾಸ್ಟರ್ ಬಿಸಿಯಿದೆ ಅಂತ ಅಪ್ಪ ಹೇಳಿದ್ದು. ಅಷ್ಟೇ ನಮಗೆ ಗೊತ್ತಿರೋದು."

"ಮತ್ತೆ ಮೇಜಿನ ವಿಷ್ಯ ಯಾರೇ ಹೇಳ್ಬೇಕು?"

ಚಿಕ್ಕಪ್ಪ ದವಡೆಯನ್ನು ಕೆಳಗಿಟ್ಟು ಅಂಗೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ. ತಲೆ ನರೆತ ಆ ಮನುಷ್ಯ, ಪರೀಕ್ಷೆಯಲ್ಲಿ ನೋಡಿ ಬರೆಯುತ್ತಿದ್ದ ಪಕ್ಕದವನ ಹಾಳೆಯನ್ನು ಯಾರೋ ಕಸಿದುಕೊಂಡಾಗಿನ ಹುಡುಗನಂತೆ ಕಂಡ. ಕೋಣೆಯಲ್ಲಿ ಎರಡು ಸಲ ಆಚೆ ಈಚೆ ತಿರುಗಿ, ಫೋನ್ ತೆಗೆದು, ನಮಗೆ ಬೆನ್ನು ಮಾಡಿ ನಿಂತ.

"ಹಲೋ. ಹ್ಞಾಂ, ನಾನೇ. ಮೆಷಿನ್ ತನ್ನಿ. ಜಾಗ ಖಾಲಿ ಮಾಡಿಸ್ತೀನಿ… ಇಲ್ಲ, ಅಣ್ಣ ಒಪ್ಪಿಲ್ಲ. ಒಪ್ಪಿಲ್ಲ ಅಂತಾನೂ ಅಲ್ಲ. ಅವನು ಏನೂ ಹೇಳಿಲ್ಲ ಸಾರ್. ನಾನು ಹೇಳ್ತಿರೋದು." ಸ್ವಲ್ಪ ತಡೆದು, ಇನ್ನೂ ಗಟ್ಟಿಯಾಗಿ ಅಂದ: "ನಾನೇ ಹೇಳ್ತಿರೋದು."

ಆಮೇಲೆ ಅಪ್ಪನ ಎದುರು ಮಂಡಿಯೂರಿ ಕೂತ. "ಅಣ್ಣ, ಮೇಜು ತೆಗಿತಾ ಇದ್ದೀನಿ. ನಿನ್ನ ಕೇಳ್ತಿಲ್ಲ. ಹೇಳ್ತಾ ಇದ್ದೀನಿ. ನಿಂಗೆ ಕೋಪ ಬಂದಿದ್ರೆ ಅದು ನನ್ನ ತಲೆ ಮೇಲಿರ್ಲಿ."

"ಸೆಟ್" ಎಂದ ಅಪ್ಪ.

ಚಿಕ್ಕಪ್ಪ ತಲೆ ತಗ್ಗಿಸಿದ. ನನ್ನ ಕಡೆಗೂ ನೋಡಲಿಲ್ಲ, ಏನಂದ ಎಂದು ಕೇಳಲೂ ಇಲ್ಲ.

ಮೇಜು ಹೋದದ್ದು ಆ ವಾರದ ಕೊನೆಗೆ. ತಗ್ಗಿದ್ದ ಅಂಚಿನ ಹಲಗೆಯನ್ನು ಬಡಗಿ ಕೊಯ್ದು ಕೊಟ್ಟ. ಅಮ್ಮ ಅದನ್ನು ಅಪ್ಪನ ಮಂಚದ ಪಕ್ಕಕ್ಕೆ ತಂದಿಟ್ಟಳು. ಅಪ್ಪ ಅದರ ಮೇಲೆ ಮೊಣಕೈ ಊರುತ್ತಾನೆ. ಅದು ಅವನಿಗೆ ಸಮಾಧಾನವೋ ಇನ್ನಷ್ಟು ನೋವೋ ನಾನು ಊಹಿಸಲು ಹೋಗಿಲ್ಲ.

ನನ್ನ ರಜೆ ಮುಗಿಯುತ್ತ ಬಂದಿತ್ತು. ಹೊರಡುವ ಹಿಂದಿನ ಸಂಜೆ ಮತ್ತೆ ಪಕ್ಕದಲ್ಲಿ ಕೂತೆ. ಬೀದಿಯಲ್ಲಿ ಯಾರೋ ಸೈಕಲ್ಲಿನ ಸರಪಳಿ ಸಿಕ್ಕಿಸಿಕೊಂಡು ಬೈದುಕೊಳ್ಳುತ್ತಿದ್ದರು. ಅಪ್ಪ ನನ್ನ ಕಡೆ ತಿರುಗಿ ತುಟಿ ಹೊಂದಿಸಿಕೊಂಡು "ಸೆಟ್" ಎಂದ. ಸ್ವರ ಕೊನೆಯಲ್ಲಿ ಏರಿತು. ಹಳೆಯ ರೂಢಿಯಲ್ಲಿ ನನ್ನ ಕೈ ಲೋಟದತ್ತ ಹೋಗಿ ಅರ್ಧಕ್ಕೆ ನಿಂತಿತು.

"ಏನಪ್ಪಾ? ನಂಗೆ ಗೊತ್ತಾಗ್ಲಿಲ್ಲ" ಎಂದೆ. ಕಾಯಿಲೆಯಾದ ಮೇಲೆ ಅಪ್ಪನಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಅವನು ನನ್ನನ್ನೇ ನೋಡುತ್ತಿದ್ದ. ನೀರಿನ ಲೋಟವನ್ನು ಅವನ ಎಡಗೈಯ ಬೆರಳುಗಳ ಹಿಂಬದಿಗೆ ತಾಗಿಸಿದೆ. ಕೈ ಸರಿಯಲಿಲ್ಲ, ಲೋಟವನ್ನು ಹಿಡಿಯಲೂ ಇಲ್ಲ. ಲೋಟ ಹಾಗೇ ಹಿಡಿದುಕೊಂಡು, ಈ ಸಲ ಅವನ ಪರವಾಗಿ ನಾನೇ ಏನನ್ನೂ ಹೇಳಿಕೊಳ್ಳದೆ, ಕಾದೆ.